ಸೊಂಟದ ಮೇಲಿನ ಕೈ

ಹೆಣ್ಣುಮಕ್ಕಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲಬಾರದು ಎಂಬುದು ನಮ್ಮ ಮನೆಯ ಕಾನೂನಾಗಿತ್ತು. ಕಾನೂನು ಮಾಡಿದವಳು ಅಜ್ಜಿ, ಅಂದರೆ ಅಪ್ಪನ ತಾಯಿ. ಹೊಸ್ತಿಲ ಮೇಲೆ ಕೂರಬಾರದು, ಮುಸ್ಸಂಜೆಯಲ್ಲಿ ತಲೆ ಬಾಚಬಾರದು ಎಂಬ ಕಾನೂನುಗಳೂ ಇದ್ದವು. ಅವನ್ನೆಲ್ಲ ನಾನು ಹೇಗೋ ಪಾಲಿಸುತ್ತಿದ್ದೆ. ಈ ಕೈಯದು ಮಾತ್ರ ಆಗುತ್ತಿರಲಿಲ್ಲ. ನೀರು ಸೇದಿ ಉಸಿರು ತೆಗೆದುಕೊಳ್ಳುವಾಗ, ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಾಗ, ಯಾರ ಜೊತೆಗಾದರೂ ಮಾತಿಗೆ ನಿಂತಾಗ, ನನ್ನ ಬಲಗೈ ನನ್ನನ್ನು ಕೇಳದೆಯೇ ಹೋಗಿ ಸೊಂಟದ ಮೇಲೆ ಕೂರುತ್ತಿತ್ತು. ಅಜ್ಜಿ ಪಡಸಾಲೆಯಿಂದಲೇ ಕೂಗುತ್ತಿದ್ದಳು.

“ಏ ಗಂಡುಬೀರಿ, ಕೈ ಇಳ್ಸೇ! ಯಾರ ಮ್ಯಾಲೆ ಜಗಳಕ್ಕೆ ನಿಂತೀಯಾ? ಹಿಂಗೆ ಸೊಂಟದ ಮ್ಯಾಲೆ ಕೈ ಇಟ್ಕಂಡು ನಿಂತ ಹೆಣ್ಣು ಯಾವ ಮನೇನ ಉದ್ಧಾರ ಮಾಡೈತೆ?”

ಇಳಿಸುತ್ತಿದ್ದೆ. ಅಜ್ಜಿ ಆಚೆ ತಿರುಗಿದ ಮೇಲೆ ಕೈ ಮತ್ತೆ ತನ್ನ ಜಾಗಕ್ಕೆ ಹೋಗುತ್ತಿತ್ತು.

ಇದು ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ನಾವಿದ್ದದ್ದು ಚನ್ನಗಿರಿಯಲ್ಲಿ. ಅಪ್ಪನದು ಅಡಿಕೆ ಮಂಡಿ. ಸುತ್ತಲಿನ ಹಳ್ಳಿಯವರು ಅಡಿಕೆ ತಂದು ಹಾಕುತ್ತಿದ್ದರು, ಅಪ್ಪ ಅದನ್ನು ವ್ಯಾಪಾರಸ್ಥರಿಗೆ ಮಾರಿಸಿ ಕೊಡುತ್ತಿದ್ದ. ಮಾತು ಕಡಿಮೆ, ಆದರೆ ಆಡಿದ ಮಾತು ಮುರಿದವನಲ್ಲ ಎಂದು ಹೆಸರು. “ಅವ್ರು ಹೂಂ ಅಂದ್ರೆ ಮುಗೀತು” ಎಂದು ಮಂಡಿ ಬೀದಿಯಲ್ಲಿ ಹೇಳುತ್ತಿದ್ದರು. ಮನೆಯಲ್ಲೂ ಅಷ್ಟೇ. ಅವನು ಹೂಂ ಅಂದರೂ ಮುಗಿಯಿತು, ಊಹೂಂ ಅಂದರೂ ಮುಗಿಯಿತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಓದಿನಲ್ಲಿ ಮುಂದಿದ್ದೆ, ಬಾಯಲ್ಲಿ ಇನ್ನೂ ಮುಂದಿದ್ದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಕಾಲೇಜಿಗೆ ಹೋಗಬೇಕೆಂಬ ಆಸೆ ಇತ್ತು. ಆಸೆ ಅಂದರೆ ಸಣ್ಣ ಮಾತಾಗುತ್ತದೆ, ಹಟವೇ ಇತ್ತು.

ಆಗ ಹೊಸ ಪುಸ್ತಕ ಕೊಳ್ಳುವ ರೂಢಿ ಕಡಿಮೆ. ಮೇಲಿನ ಕ್ಲಾಸಿಗೆ ಹೋದವರ ಪುಸ್ತಕವನ್ನು ಕೆಳಗಿನವರು ಅರ್ಧ ಬೆಲೆಗೆ ತೆಗೆದುಕೊಳ್ಳುತ್ತಿದ್ದೆವು. ನನ್ನ ಚರಿತ್ರೆ ಪುಸ್ತಕ ಹೀಗೇ ಬಂದದ್ದು. ಅದರಲ್ಲಿ ಮೊಹೆಂಜೊದಾರೊದ ಪಾಠದ ಪಕ್ಕ ಒಂದು ಕಂಚಿನ ಹುಡುಗಿಯ ಚಿತ್ರ. ನನಗಿಂತ ಮೊದಲು ಆ ಪುಸ್ತಕ ಓದಿದವಳು ಯಾರೋ ಬಹಳ ಮರ್ಯಾದಸ್ಥೆ ಇರಬೇಕು. ಪಾಪ, ಆ ಹುಡುಗಿಯ ಮೈಮೇಲೆ ಬಟ್ಟೆಯಿಲ್ಲವೆಂದು ನೀಲಿ ಇಂಕಿನಲ್ಲಿ ರವಿಕೆ ಬರೆದು, ಲಂಗ ತೊಡಿಸಿ, ಹಣೆಗೊಂದು ಬೊಟ್ಟೂ ಇಟ್ಟಿದ್ದಳು. ನಿಲುವನ್ನು ಮಾತ್ರ ತಿದ್ದಲು ಆಗಿರಲಿಲ್ಲ. ತಲೆ ಸ್ವಲ್ಪ ಹಿಂದಕ್ಕೆ, ಗದ್ದ ಮೇಲೆ, ಕಣ್ಣು ಅರ್ಧ ಮುಚ್ಚಿ, ಎಡಗೈ ತೊಡೆಯ ಮೇಲೆ, ಬಲಗೈ ಸೊಂಟದ ಮೇಲೆ. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಪುಸ್ತಕವನ್ನು ಅಜ್ಜಿಗೆ ತೋರಿಸಲು ಅಡಿಗೆಮನೆಯ ತನಕ ಓಡಿದ್ದೆ. ಬಾಗಿಲಲ್ಲಿ ಬುದ್ಧಿ ಬಂದು ವಾಪಸು ಬಂದೆ.

ಚರಿತ್ರೆಯ ಮೇಷ್ಟ್ರು ವರ್ಗವಾಗಿ ಹೋಗಿ ಆ ಜಾಗ ಖಾಲಿಯಿತ್ತು. ಹೊಲಿಗೆ ಟೀಚರೇ ಚರಿತ್ರೆ ಪಾಠ ಮಾಡುತ್ತಿದ್ದರು. ಜಗಳೂರಿನ ಕಡೆಯವರು, ನೇರ ಮಾತಿನವರು. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದರು, ಅದು ನಮಗೆ ಬಹಳ ಹಿಡಿಸಿತ್ತು. ಪಾಠದಲ್ಲಿ ‘ನರ್ತಕಿ’ ಎಂದು ಓದಿದಾಗ ನಾನು ಎದ್ದು ನಿಂತೆ.

“ಟೀಚರ್, ಇವ್ಳು ಎಲ್ಲಿ ಕುಣೀತಾಳೆ? ಸುಮ್ನೆ ನಿಂತಾಳೆ ಅಷ್ಟೇ.”

ಟೀಚರ್ ಚಿತ್ರ ನೋಡಿದರು. “ಹೌದಲ್ಲೇ! ಯಾಕೆ ನರ್ತಕಿ ಅಂದ್ರೋ ನಂಗೂ ಗೊತ್ತಿಲ್ಲ. ಎಲ್ರೂ ಎದ್ದು ಹಂಗೇ ನಿಲ್ರಿ ನೋಡಾನ, ಕುಣಿಯಾಕೆ ಬರ್ತೈತಾ ಅಂತ.”

ಕ್ಲಾಸಿಗೆ ಕ್ಲಾಸೇ ಎದ್ದು ನಿಂತಿತು. ಎಲ್ಲರೂ ಸೊಂಟದ ಮೇಲೆ ಕೈ ಇಟ್ಟರು, ಒಬ್ಬರ ಮುಖ ಒಬ್ಬರು ನೋಡಿದರು, ಕಿಸಕ್ಕೆಂದು ನಕ್ಕು ಕೈ ಇಳಿಸಿದರು. ಎಲ್ಲರ ಮನೆಯಲ್ಲೂ ಒಬ್ಬೊಬ್ಬ ಅಜ್ಜಿ ಇದ್ದಳೆಂದು ಕಾಣುತ್ತದೆ. ನಾನೊಬ್ಬಳು ನಿಂತೇ ಇದ್ದೆ. ಟೀಚರ್ ಹತ್ತಿರ ಬಂದು ನನ್ನ ಗದ್ದ ಹಿಡಿದು ಮೇಲಕ್ಕೆತ್ತಿದರು.

“ನೀನು ಕುಂದ್ರಬ್ಯಾಡ. ಹಂಗೇ ಇರು,” ಎಂದರು.

ಹಂಗೇ ಇರು! ಹುಟ್ಟಿದಾಗಿನಿಂದ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

ಆ ಚಿತ್ರ ಪುಟದ ಉದ್ದಕ್ಕೂ ಇದ್ದುದರಿಂದ ಬೊಂಬೆ ಆಳೆತ್ತರ ಇರಬಹುದೆಂದೇ ನಾವೆಲ್ಲ ನಂಬಿದ್ದೆವು. ಟೀಚರೂ ನಂಬಿದ್ದರು. ಎಂಬತ್ತರ ದಶಕದಲ್ಲಿ ದೆಹಲಿಗೆ ಹೋದಾಗ ಮ್ಯೂಸಿಯಮ್ಮಿನಲ್ಲಿ ಆ ಹುಡುಗಿಯನ್ನು ಹುಡುಕಿಕೊಂಡು ದೊಡ್ಡ ದೊಡ್ಡ ವಿಗ್ರಹಗಳ ನಡುವೆ ಸುತ್ತಿದೆ, ಎಲ್ಲೂ ಕಾಣಲಿಲ್ಲ. ಕಡೆಗೆ ಕಾವಲಿನವನು ತೋರಿಸಿದ. ಗಾಜಿನ ಪೆಟ್ಟಿಗೆಯೊಳಗೆ ನನ್ನ ಬೆರಳಿಗಿಂತ ತುಸುವೇ ಉದ್ದ ನಿಂತಿದ್ದಳು. ಅಷ್ಟು ಜನರ ಎದುರು ಜೋರಾಗಿ ನಕ್ಕುಬಿಟ್ಟೆ. ಅಂಗೈಯಲ್ಲಿ ಹಿಡಿಸುವ ಹುಡುಗಿಗೆ ಅದೆಷ್ಟು ಧಿಮಾಕು! ಅವಳ ಹೆಸರು ಯಾರಿಗೂ ಗೊತ್ತಿಲ್ಲ, ಯಾರ ಮಗಳೋ ಗೊತ್ತಿಲ್ಲ, ಕುಣಿಯುತ್ತಿದ್ದಳೋ ಹಾಡುತ್ತಿದ್ದಳೋ ಅದೂ ಗೊತ್ತಿಲ್ಲ. ಪಂಡಿತರು ಇಂದಿಗೂ ಅವಳ ಅರ್ಥ ಹುಡುಕುತ್ತಿದ್ದಾರೆ. ನನಗೆ ತಿಳಿದ ಅರ್ಥ ಒಂದೇ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಹುಡುಗಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು, ಅವಳನ್ನು ನೋಡಿದ ಕಸುಬುದಾರ ಕೈ ಇಳಿಸು ಎನ್ನಲಿಲ್ಲ. ಇದ್ದ ಹಾಗೇ ಎರಕ ಹೊಯ್ದ. ಇಷ್ಟು ತಿಳಿದರೆ ನನಗೆ ಸಾಕು.

ನಮ್ಮೂರಿನ ಕಥೆಗೆ ಬರುತ್ತೇನೆ. ಜನವರಿ ಇಪ್ಪತ್ತಾರಕ್ಕೆ ಊರಲ್ಲಿ ಶಾಲೆಗಳ ಮೆರವಣಿಗೆ ಇರುತ್ತಿತ್ತು. ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಸ್ತಬ್ಧಚಿತ್ರ ಕಟ್ಟಬೇಕು, ಚೆನ್ನಾಗಿದ್ದದ್ದಕ್ಕೆ ಶೀಲ್ಡು. ಆ ಶೀಲ್ಡು ಗಂಡುಮಕ್ಕಳ ಹೈಸ್ಕೂಲಿಗೆ ಬರೆದಿಟ್ಟ ಆಸ್ತಿಯಂತಾಗಿತ್ತು. ನಾವು ಪ್ರತಿ ವರ್ಷ ಬಿಳಿ ಸೀರೆ ಉಟ್ಟು ಭಾರತಮಾತೆಯಾಗಿ ಹೋಗಿ ಸೋತು ಬರುತ್ತಿದ್ದೆವು. ಆ ಸಲ ಹೊಲಿಗೆ ಟೀಚರ್ ಹಟ ಹಿಡಿದರು.

“ಈ ಸಲ ಭಾರತಮಾತೆ ಮನ್ಯಾಗೆ ಇರ್ಲಿ. ಕಂಚಿನ ಹುಡುಗೀನ ನಿಲ್ಸಾನ.”

ಯಾರು ನಿಲ್ಲಬೇಕೆಂಬ ಪ್ರಶ್ನೆಯೇ ಬರಲಿಲ್ಲ, ಎಲ್ಲರೂ ನನ್ನತ್ತ ತಿರುಗಿದರು. ನಾನು ಮಾತ್ರ ನನ್ನ ಗೆಳತಿಯನ್ನು ನೋಡಿದೆ. ಅವಳು ಸವಳಂಗದ ಹತ್ತಿರದ ಲಂಬಾಣಿ ತಾಂಡಾದವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಚಿತ್ರದ ಹುಡುಗಿಯ ಎಡಗೈಗೆ ಮಣಿಕಟ್ಟಿನಿಂದ ಭುಜದವರೆಗೂ ಬಳೆ. ಅಂಥ ಬಳೆ ತೊಟ್ಟವರನ್ನು ನಾವು ಪ್ರತಿ ಸಂತೆಯಲ್ಲೂ ನೋಡುತ್ತಿದ್ದೆವು, ಅವರೆಲ್ಲ ಅವಳ ಕಡೆಯವರು.

“ನೀನು ನಿಂತ್ರೆ ಚೆಂದ ಅಲ್ವೇನೇ? ನಿಮ್ಮ ಅಜ್ಜಿ ಥರಾನೇ ಐತೆ,” ಎಂದೆ.

“ನಾನು ನಿಂತ್ರೆ ಇದೇನು ದಿನಾ ನೋಡಾದು ಅಂತಾರೆ. ನೀನು ನಿಂತ್ರೆ ನಿಂತು ನೋಡ್ತಾರೆ,” ಎಂದಳು ಅವಳು. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಬಳೆ ತರುವ ಕೆಲಸ ತಾನೇ ವಹಿಸಿಕೊಂಡಳು.

ಟೀಚರ್ ನಮ್ಮ ಮನೆಗೆ ಬಂದು ಅಪ್ಪನನ್ನು ಕೇಳಿದರು. ಮಗಳು ಏನು ಮಾಡಬೇಕು ಎಂದು ಅಪ್ಪ ವಿಚಾರಿಸಿದ. “ಏನಿಲ್ಲ ಸಾರ್, ಸುಮ್ನೆ ನಿಲ್ಲಬೇಕು,” ಎಂದರು ಟೀಚರ್. ನಾನು ಸುಮ್ಮನಿರುವ ಕೆಲಸ ಎಂದರೆ ಯಾವ ತಂದೆ ಬೇಡವೆನ್ನುತ್ತಾನೆ? ಅಪ್ಪ ಹೂಂ ಅಂದ. ಹೇಗೆ ನಿಲ್ಲಬೇಕೆಂದು ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಕಂಚಿನ ಬಣ್ಣ ಎಲ್ಲಿಂದ ತರುವುದು ಎಂಬ ತಲೆನೋವು ಬಂತು. ಅಂಗಡಿಯಲ್ಲಿ ಸಿಗುವ ಬಂಗಾರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಮೈಯೆಲ್ಲ ನವೆ, ಮೇಲಾಗಿ ನೋಡಲು ಹೊಸ ತಗಡಿನ ಹಾಗೆ. ನಾನು ಮಂಡಿಯವನ ಮಗಳು, ನನಗೆ ತಕ್ಷಣ ಹೊಳೆದದ್ದು ಚೊಗರು. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ನೀರಿಗೆ ಚೊಗರು ಅನ್ನುತ್ತಾರೆ. ಅಡಿಕೆಗೆ ಬಣ್ಣ ಬರಲಿ, ಹೊಳಪು ಬರಲಿ ಎಂದು ಅದನ್ನೇ ಮತ್ತೆ ಹಚ್ಚುತ್ತಾರೆ. ಪರಿಚಯದವರ ಮನೆಯಿಂದ ಒಂದು ಕೊಡ ತಂದೆವು. ನನ್ನ ಗೆಳತಿ ಬೆರಳಲ್ಲಿ ಅದ್ದಿ ನೋಡಿ, “ಇನ್ನೂ ಕೆಂಪು ಬೇಕಲ್ಲ? ಒಂಚೂರು ಸುಣ್ಣ ಹಾಕು. ಎಲೆ ಅಡಿಕೆ ಹಾಕ್ದಾಗ ಬಾಯಿ ಹೆಂಗೆ ಕೆಂಪಾಗ್ತೈತೆ?” ಎಂದಳು. ಸುಣ್ಣ ಬಿತ್ತು. ಕೊಡದೊಳಗೆ ಎಂಥ ಬಣ್ಣ ಎದ್ದಿತೆಂದರೆ ಟೀಚರ್ ಚಪ್ಪಾಳೆ ತಟ್ಟಿದರು. ಆ ಬಣ್ಣ ಮೈಯಿಂದ ಹೋಗುವುದು ಹೇಗೆ ಎಂಬ ಒಂದು ಮಾತನ್ನು, ಅಡಿಕೆಯ ಊರಲ್ಲೇ ಹುಟ್ಟಿ ಬೆಳೆದ ನಾವ್ಯಾರೂ ಕೇಳಲಿಲ್ಲ.

ಮೆರವಣಿಗೆಯ ಹಿಂದಿನ ದಿನ ಹಿತ್ತಲಲ್ಲಿ ಗೋಡೆಗೆ ಕನ್ನಡಿ ನೇತುಹಾಕಿಕೊಂಡು ನಿಂತು ನೋಡುತ್ತಿದ್ದೆ. ಅಜ್ಜಿ ಹಿಂದಿನಿಂದ ಬಂದದ್ದು ಗೊತ್ತಾಗಲಿಲ್ಲ. ಊರ ಮುಂದೆ ಹೀಗೆ ನಿಲ್ಲುತ್ತೇನೆಂದು ತಿಳಿದಾಗ ಅವಳು ಹಾಕಿದ ಕೂಗಿಗೆ ಅಪ್ಪ ಊಟ ಬಿಟ್ಟು ಎದ್ದು ಬಂದ.

“ನೋಡೋ ಮಗಾ, ನಿನ್ ಮಗಳು ಬಜಾರ್ನಾಗೆ ಹಿಂಗೆ ನಿಲ್ತಾಳಂತೆ! ನಾಳೆ ಹೊನ್ನಾಳಿಯೋರು ಬರಾದು ಗೊತ್ತೈತೋ ಇಲ್ವೋ?”

ಹೊನ್ನಾಳಿಯವರು ಯಾರೆಂದು ನನಗೆ ಗೊತ್ತಾದದ್ದು ಆಗ. ಒಂದು ಸಂಬಂಧ ಬಂದಿತ್ತು. ಹುಡುಗನ ತಂದೆ ಅಡಿಕೆ ವ್ಯವಹಾರದ ಮೇಲೆ ಅಪ್ಪನ ಮಂಡಿಗೆ ಬರುವವರು, ಅಲ್ಲಿಂದ ಹಾಗೇ ನಮ್ಮ ಮನೆಗೂ ಬಂದು ನನ್ನನ್ನು ನೋಡಿಕೊಂಡು ಹೋಗುವವರು. ಒಪ್ಪಿದರೆ ಪರೀಕ್ಷೆಗೆ ಮೊದಲೇ ಮದುವೆ. ಅವ್ವ ಒಲೆಯ ಮುಂದೆ ತಲೆ ತಗ್ಗಿಸಿಕೊಂಡು ಕೂತಿದ್ದಳು, ಅಂದರೆ ಅವಳಿಗೂ ಗೊತ್ತಿತ್ತು.

ಅಪ್ಪ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದ. ಅದು ಇನ್ನೂ ಸೊಂಟದ ಮೇಲೇ ಇತ್ತು.

“ಟೀಚರಿಗೆ ಹೂಂ ಅಂದೀನಿ. ನಿಂತ್ಕೋ. ಆದ್ರೆ ಮಂಡಿ ಮುಂದೆ ಬಂದಾಗ ಕೈ ಇಳ್ಸು, ದಾಟಿದ ಮ್ಯಾಲೆ ಏನಾದ್ರೂ ಮಾಡ್ಕೋ. ಇಳಿಸಲಿಲ್ಲ ಅಂದ್ರೆ ನಾಡಿದ್ದಿನಿಂದ ಸ್ಕೂಲ್ ಇಲ್ಲ.”

ಅಷ್ಟು ಹೇಳಿ ಊಟಕ್ಕೆ ಹೋದ.

ಬೆಳಿಗ್ಗೆ ಛಳಿಯಲ್ಲಿ ಶಾಲೆಯ ಹಿಂದಿನ ಕೋಣೆಯಲ್ಲಿ ನನಗೆ ಚೊಗರು ಬಳಿದರು. ಹಳೆಯ ಪಂಚೆಯೊಂದನ್ನು ಅದರಲ್ಲೇ ಅದ್ದಿ ಒಣಗಿಸಿ ಭುಜದಿಂದ ಮೊಣಕಾಲ ತನಕ ಬಿಗಿಯಾಗಿ ಸುತ್ತಿದ್ದರು. ದೂರದಿಂದ ನೋಡಿದರೆ ಬಟ್ಟೆ ಯಾವುದು ಮೈ ಯಾವುದು ಗೊತ್ತಾಗಬಾರದು. ಸಂತೆಯಲ್ಲಿ ಮಾರುವ ಬಿಳಿ ಪ್ಲಾಸ್ಟಿಕ್ ಬಳೆಗಳಿಗೂ ಅದೇ ಬಣ್ಣ. ಗೆಳತಿ ಅವನ್ನು ಒಂದೊಂದಾಗಿ ನನ್ನ ಎಡಗೈಗೆ ಏರಿಸುತ್ತಿದ್ದಳು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ.

“ಹಂಗಾದ್ರೆ ಇಳ್ಸ್ತೀಯಾ?” ಎಂದಳು.

“ಗೊತ್ತಿಲ್ಲ ಕಣೇ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಶೀಲ್ಡಿಗೆ ತೀರ್ಪು ಕೊಡುವವರು ದಾರಿಯುದ್ದಕ್ಕೂ ಜನರ ನಡುವೆ ಎಲ್ಲೋ ನಿಂತಿರುತ್ತಿದ್ದರು. ಎಲ್ಲಿ ಕೈ ಇಳಿಸಿದರೂ ಅವರ ಕಣ್ಣಿಗೆ ಬೀಳುವ ಭಯ. ಬೊಂಬೆ ಒಮ್ಮೆ ಅಲುಗಾಡಿದರೆ ಅದು ಬೊಂಬೆಯಲ್ಲ, ಬಣ್ಣ ಬಳಿದುಕೊಂಡ ಹುಡುಗಿ. ಗೆಳತಿ ಕೊನೆಯ ಬಳೆ ಏರಿಸಿ ನನ್ನ ಕೆನ್ನೆಗೆ ಮತ್ತೊಂದು ಸಲ ಚೊಗರು ಸವರಿದಳು.

ಟ್ರೈಲರಿನ ಮೇಲೆ ಇಟ್ಟಿಗೆ ಜೋಡಿಸಿ, ಒಡೆದ ಮಡಕೆಗಳನ್ನಿಟ್ಟು, ಗೋಣಿಚೀಲದ ಮೇಲೆ ಮಣ್ಣು ಹರಡಿ ಹಾಳೂರು ಮಾಡಿದ್ದರು. ಮುಂದೆ ಕಟ್ಟಿದ ಬೋರ್ಡಿನಲ್ಲಿ ಟೀಚರ್ ‘ನರ್ತಕಿ’ ಎಂದು ಬರೆಸಲಿಲ್ಲ, ‘ಕಂಚಿನ ಹುಡುಗಿ’ ಎಂದು ಬರೆಸಿದರು. ನಾನು ನಡುವೆ ಕಲ್ಲಿನ ಮೇಲೆ ಹತ್ತಿ ನಿಂತೆ. ತಲೆ ಹಿಂದಕ್ಕೆ, ಗದ್ದ ಮೇಲಕ್ಕೆ, ಕಣ್ಣು ಅರ್ಧ ಮುಚ್ಚಿ, ಕೈ ಸೊಂಟದ ಮೇಲೆ. ಟ್ರ್ಯಾಕ್ಟರ್ ಹೊರಟಿತು.

ಬಸ್ ಸ್ಟ್ಯಾಂಡ್ ಹತ್ತಿರ ಬರುವ ಹೊತ್ತಿಗೆ ಜನ ನಮ್ಮ ಹಿಂದೆಯೇ ನಡೆಯತೊಡಗಿದ್ದರು. ಇದು ಬೊಂಬೆಯೋ ಮನುಷ್ಯಳೋ ಎಂಬ ವಾದ ಹುಟ್ಟಿಕೊಂಡಿತ್ತು. “ಎರಕ ಹೊಯ್ದಿದ್ದು ಕಣ್ಲಾ, ಶಿವಮೊಗ್ಗದಿಂದ ತರ್ಸಿರಬೇಕು” ಎಂದು ಒಬ್ಬ, “ರೆಪ್ಪೆ ಅಲ್ಲಾಡ್ತು, ನಾನೇ ನೋಡ್ದೆ” ಎಂದು ಇನ್ನೊಬ್ಬ. ಸಂತೆಗೆ ಬಂದಿದ್ದ ತಾಂಡಾದ ಹೆಂಗಸರು ನನ್ನ ಬಳೆ ನೋಡಿ ತಮ್ಮ ತೋಳನ್ನು ಮೇಲೆತ್ತಿ ಒಬ್ಬರಿಗೊಬ್ಬರು ತೋರಿಸಿಕೊಂಡರು. ನನಗೆ ಒಳಗೊಳಗೇ ನಗು. ಬಿಸಿಲು ಏರಿದಂತೆ ಚೊಗರು ಒಣಗಿ ಚರ್ಮ ಬಿಗಿಯುತ್ತಿತ್ತು, ಬಲಗೈ ಜೋಮು ಹಿಡಿದು ಅದು ನನ್ನದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಆದರೂ ಅಷ್ಟು ಎತ್ತರದಲ್ಲಿ, ಅಷ್ಟು ಜನರ ನಡುವೆ, ನನ್ನಿಷ್ಟದಂತೆ ನಿಂತುಕೊಂಡು ಹೋಗುವ ಸುಖ ಇತ್ತಲ್ಲ, ಅದನ್ನು ಹೇಗೆ ಹೇಳಲಿ! ಊರೇ ನನ್ನದೆನಿಸಿತ್ತು.

ಟ್ರ್ಯಾಕ್ಟರ್ ಮಂಡಿ ಬೀದಿಗೆ ತಿರುಗಿತು.

ಬೇಗ ದಾಟಿದರೆ ಸಾಕು ಎಂದುಕೊಂಡಿದ್ದೆ. ನನ್ನ ಗ್ರಹಚಾರಕ್ಕೆ ಮುಂದಿದ್ದ ಬ್ಯಾಂಡಿನವರು ಒಂದು ಕಡೆ ನಿಂತು ಬಾರಿಸಲು ಶುರು ಮಾಡಿದರು. ಅವರ ಹಿಂದೆ ಎಲ್ಲವೂ ನಿಂತಿತು. ನಮ್ಮ ಟ್ರೈಲರ್ ನಿಂತದ್ದು ಸರಿಯಾಗಿ ಅಪ್ಪನ ಮಂಡಿಯ ಮುಂದೆ.

ಅರ್ಧ ಮುಚ್ಚಿದ ಕಣ್ಣಿನಿಂದ ಎಲ್ಲ ಕಾಣುತ್ತಿತ್ತು. ಜಗಲಿಯ ಮೇಲೆ ಅಪ್ಪ, ಪಕ್ಕದಲ್ಲಿ ಜರಿ ರುಮಾಲಿನ ದೊಡ್ಡ ಮನುಷ್ಯರೊಬ್ಬರು. ಇವರೇ ಹೊನ್ನಾಳಿಯವರು ಎಂದುಕೊಂಡೆ. ಇಬ್ಬರೂ ಎದ್ದು ಟ್ರೈಲರಿನ ಹತ್ತಿರ ಬಂದರು. ಕೈ ಇಳಿಸು ಎಂದು ಒಳಗೊಂದು ದನಿ ಹೇಳುತ್ತಿತ್ತು. ಅಪ್ಪ ಸುಮ್ಮನೆ ಹೆದರಿಸುವವನಲ್ಲ, ಅವನ ಮಾತು ಅಂದರೆ ಮಾತು. ಇಳಿಸಲಿಲ್ಲವೆಂದರೆ ಇವತ್ತೇ ನನ್ನ ಓದಿಗೆ ಕೊನೆ. ಇಳಿಸಿದರೆ? ಈ ರುಮಾಲಿನವರು ತಗ್ಗಿದ ತಲೆಯ ಹುಡುಗಿಯನ್ನು ನೋಡಿ ಒಪ್ಪುತ್ತಾರೆ, ಆಗಲೂ ಓದಿಗೆ ಕೊನೆ. ಎರಡು ದಾರಿಯೂ ಅಲ್ಲಿಗೇ ಹೋಗುವುದಾದರೆ ತಲೆ ಯಾಕೆ ತಗ್ಗಿಸಲಿ ಎನಿಸಿತು. ಸೋಲುವುದೇ ಆದರೆ ಚೆಂದವಾಗಿ ನಿಂತು ಸೋಲೋಣ. ಕೈಯನ್ನು ಇನ್ನಷ್ಟು ಒತ್ತಿ ಇಟ್ಟುಕೊಂಡೆ.

ಹೊನ್ನಾಳಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆ ನನ್ನ ಗುರುತಿಲ್ಲ, ಆ ಬಣ್ಣದಲ್ಲಿ ನನ್ನ ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ.

“ಯಾರ ಮನೆ ಹುಡುಗೀರೀ ಇದು ಸಾವ್ಕಾರ್ರೇ? ಇಷ್ಟು ಜನದ ಮುಂದೆ ಸೊಂಟದ ಮ್ಯಾಲೆ ಕೈ ಇಟ್ಕಂಡು ಹಿಂಗೆ ನಿಂತೈತಲ್ಲ! ಹೆತ್ತೋರಿಗೆ ಬುದ್ಧಿ ಬ್ಯಾಡ್ವಾ?”

ಅಪ್ಪ ನನ್ನ ಮುಖ ನೋಡುತ್ತಿದ್ದ. ಯಾರೋ ಏನೋ ಎಂದು ಹೇಳಿ ಒಳಗೆ ಕರೆದುಕೊಂಡು ಹೋಗಬಹುದಿತ್ತು. ಸಂಜೆಗೆ ನನಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ ಕೂರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ. ಮೂಗಿನ ಮೇಲೆ ನೊಣ ಕೂತಿತ್ತು, ಅದನ್ನು ಓಡಿಸುವಂತಿರಲಿಲ್ಲ. ಅಪ್ಪ ಕೈ ಚಾಚಿ ನನ್ನ ಪಾದವನ್ನು ಬೆರಳಿನಿಂದ ಒಮ್ಮೆ ಉಜ್ಜಿದ, ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡ.

“ಚೊಗರು,” ಎಂದ ಮೆಲ್ಲಗೆ. ಅಡಿಕೆಯ ಗುಣ ನೋಡುವಾಗ ಅವನ ಮುಖ ಹೇಗಾಗುತ್ತಿತ್ತೋ ಹಾಗೇ ಆಗಿತ್ತು. ಆಮೇಲೆ ಹೊನ್ನಾಳಿಯವರ ಕಡೆ ತಿರುಗಿದ.

“ನಮ್ ಹುಡುಗೀನೇ ಯಜಮಾನ್ರೇ. ನನ್ ಮಗಳು.”

ಬ್ಯಾಂಡಿನ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. “ಯಾರು ಅಂದ್ರಿ?” ಎಂದರು. ಅಪ್ಪ ದನಿ ಎತ್ತಿದ. ಮಂಡಿಯಲ್ಲಿ ಅವನು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ.

“ನನ್ ಮಗಳು ಕಣ್ರೀ! ಹಿರೇ ಮಗಳು! ಹೆಂಗೆ ನಿಂತಾಳೆ ನೋಡ್ರಿ!”

ಅಕ್ಕಪಕ್ಕದ ಮಂಡಿಯವರೆಲ್ಲ ಹೊರಗೆ ಬಂದರು. ಯಾರೋ ಚಪ್ಪಾಳೆ ಹೊಡೆದರು, ಹಿಂದೆಯೇ ಬೀದಿಗೆ ಬೀದಿಯೇ ಹೊಡೆಯಿತು. ಹೊನ್ನಾಳಿಯವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಜಗಲಿಗೆ ಹೋಗಿ ತಮ್ಮ ಚೀಲ ಹುಡುಕತೊಡಗಿದರು. ನನ್ನ ಕಣ್ಣಿಂದ ನೀರು ಇಳಿಯಿತು. ತಡೆಯಲು ಆಗಲಿಲ್ಲ, ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಕೆನ್ನೆಯ ಮೇಲೆ ಚೊಗರು ಕರಗಿ ಗೆರೆ ಬಿತ್ತು. ಅದನ್ನು ನೋಡಿ ತೀರ್ಪುಗಾರರೊಬ್ಬರು, ಹಳೆಯ ಕಂಚಿಗೆ ಹಿಡಿಯುವ ಕಲೆಯನ್ನೂ ಎಷ್ಟು ಚೆನ್ನಾಗಿ ತೋರಿಸಿದ್ದಾರೆ ಎಂದು ಮೆಚ್ಚಿದರಂತೆ.

ಶೀಲ್ಡು ನಮಗೇ ಬಂತು. ಮೈದಾನದಲ್ಲಿ ಹೆಸರು ಕೂಗಿದಾಗ ಹುಡುಗಿಯರೆಲ್ಲ ಸೇರಿ ನನ್ನನ್ನು ಎತ್ತಿಕೊಂಡರು, ಎತ್ತಿಕೊಂಡವರ ಬಿಳಿ ದಾವಣಿಗಳೆಲ್ಲ ಕೆಂಪಾದವು. ಟೀಚರ್ ಮೈಕಿನ ಮುಂದೆ ಹೋಗಿ ಏನೋ ಹೇಳಲು ಹೊರಟು ಅತ್ತುಬಿಟ್ಟರು. ಶೀಲ್ಡನ್ನು ಒಂದು ಕಡೆ ನಾನು, ಇನ್ನೊಂದು ಕಡೆ ಗೆಳತಿ ಹಿಡಿದುಕೊಂಡು ಮೈದಾನವನ್ನು ಸುತ್ತಿದೆವು. ಗಂಡುಮಕ್ಕಳ ಹೈಸ್ಕೂಲಿನವರ ಮುಂದೆ ಬಂದಾಗ ಸ್ವಲ್ಪ ನಿಧಾನವಾಗಿಯೇ ನಡೆದೆವು.

ಮನೆಯಲ್ಲಿ ಅಜ್ಜಿ ಬಚ್ಚಲಮನೆ ಬಾಗಿಲಲ್ಲೇ ಕಾಯುತ್ತಿದ್ದಳು. ಹೊನ್ನಾಳಿಯವರು ಮನೆಗೆ ಬರದೆ ಬಸ್ಸು ಹತ್ತಿದ್ದು ಆಗಲೇ ಗೊತ್ತಾಗಿತ್ತು. ನನ್ನನ್ನು ಕೂರಿಸಿಕೊಂಡು ಸೀಗೆಕಾಯಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ತೆಂಗಿನ ನಾರು ತೆಗೆದುಕೊಂಡು ಪಾತ್ರೆ ಬೆಳಗುವಂತೆ ಬೆಳಗಿದಳು. ನಾನು ಇನ್ನೂ ಚೆನ್ನಾಗಿ ಹೊಳೆದೆ. ಬಣ್ಣ ಮಾತ್ರ ಹೋಗಲಿಲ್ಲ.

“ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನೀನು ಅಡಿಕೆ ನೀರಿಗೇ ಮಾನ ಕಳ್ದೆಯಲ್ಲೇ!” ಎಂದು ಬೈಯುತ್ತ ಮತ್ತೊಂದು ತಂಬಿಗೆ ಸುರಿದಳು.

ಅಪ್ಪ ಮಂಡಿಯಿಂದ ಬಂದ, ಉಂಡ, ಎದ್ದ. ಬೀದಿಯಲ್ಲಿ ನನ್ನ ಮಗಳು ಅಂದವನು ಮನೆಯಲ್ಲಿ ಏನು ಮಾಡುತ್ತಾನೆಂದು ನನಗೆ ತಿಳಿಯಲಿಲ್ಲ. ಮಗಳು ಹೌದು, ಆದರೆ ಮಾತೂ ಮಾತೇ. ಅವನು ಹೇಳಿದ್ದು ಸ್ಪಷ್ಟವಾಗಿತ್ತು, ನಾನು ಮೀರಿದ್ದೂ ಸ್ಪಷ್ಟವಾಗಿತ್ತು. ಅವ್ವ ನನ್ನ ಪಕ್ಕ ಮಲಗಿ ಬಣ್ಣ ಹಿಡಿದ ತೋಳನ್ನು ಸವರುತ್ತಿದ್ದಳು. ಗೆದ್ದ ದಿನವೇ ಸೋತೆನೇನೋ ಎಂದು ಹೆದರಿಕೆಯಾಯಿತು.

ಬೆಳಿಗ್ಗೆ ಎದ್ದವಳು ಯಾರನ್ನೂ ಕೇಳದೆ ಯೂನಿಫಾರಂ ಹಾಕಿಕೊಂಡೆ. ಬಿಳಿ ದಾವಣಿಯಿಂದ ಹೊರಗೆ ಬಂದ ನನ್ನ ಮುಖ, ಕೈ, ಕಾಲು ಎಲ್ಲ ತಾಮ್ರದ ಬಣ್ಣ. ಪುಸ್ತಕ ಎದೆಗೆ ಅವಚಿಕೊಂಡು ಪಡಸಾಲೆಗೆ ಬಂದೆ. ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು.

“ಎಲ್ಲಿಗೆ ಹೊಂಟೆ? ನಿಮ್ಮಪ್ಪ ಏನು ಹೇಳಿದ್ದ? ಸ್ಕೂಲ್ ಇಲ್ಲ ಅಂದಿದ್ನೋ ಇಲ್ವೋ?”

ಅಷ್ಟರಲ್ಲಿ ಹೊರಗಿನಿಂದ ಅಪ್ಪನ ದನಿ ಬಂತು. ಅವನು ಆಗಲೇ ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದ.

“ಹೊತ್ತಾತು, ನಡಿ.”

“ಏನೋ ಮಗಾ, ಮಾತು ಆಡಿದ್ಯಲ್ಲೋ! ಆಡಿದ ಮಾತು ಯಾವತ್ತಾದ್ರೂ ಮುರಿದೀಯಾ ನೀನು?” ಎಂದಳು ಅಜ್ಜಿ.

“ಇಲ್ಲವ್ವ, ಮುರಿದಿಲ್ಲ. ಇವತ್ತು ಮುರಿದೆ,” ಎಂದ ಅಪ್ಪ. “ದಾರಿ ಬಿಡು, ಪರೀಕ್ಷೆ ಹತ್ರ ಬಂತು ಹುಡುಗೀಗೆ.”

ಅಜ್ಜಿ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು.

ಶಾಲೆಗೆ ಹತ್ತಿರದ ದಾರಿ ಬೇರೆಯಿತ್ತು. ಅಪ್ಪ ಮಂಡಿ ಬೀದಿಗೆ ತಿರುಗಿದ. ಬಾಗಿಲು ತೆಗೆಯುತ್ತಿದ್ದವರು, ಕಸ ಗುಡಿಸುತ್ತಿದ್ದವರು, ಅಡಿಕೆ ಚೀಲ ಇಳಿಸುತ್ತಿದ್ದವರು ಎಲ್ಲ ನಿಂತು ನನ್ನ ತಾಮ್ರದ ಮುಖ ನೋಡಿದರು. ಹಿಂದಿನ ದಿನ ಬೊಂಬೆಯೆಂದು ನೋಡಿದ್ದರು, ಈಗ ಅದು ನಡೆದುಕೊಂಡು ಬರುತ್ತಿತ್ತು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. “ಎಲ್ಲಿಗೆ ಸಾವ್ಕಾರ್ರೇ ಇಷ್ಟು ಬೆಳಿಗ್ಗೆ?” ಎಂದು ಯಾರೋ ಕೇಳಿದರು.

“ಮಗಳನ್ನ ಸ್ಕೂಲಿಗೆ ಬಿಡಾಕೆ,” ಎಂದ ಅಪ್ಪ.

ಶಾಲೆಯ ಗೇಟು ಬರುವ ತನಕ ಆ ಮಾತನ್ನು ಅವನು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ.